ಹಳೆಯ ಕಾರಿನ ಸಂಜ್ಞಾದೀಪಗಳು

ರಸ್ತೆಯ ಮೇಲೆ ಓಡುವ ವಾಹನಗಳಿಗೂ ಒಂದು ಭಾಷೆಯುಂಟು. ಅದರಲ್ಲಿ ಮುಖ್ಯವಾದ ಮಾತುಗಳು ಎರಡೇ. ಹಿಂಬದಿಯ ಕೆಂಪು ದೀಪ ಝಗ್ಗನೆ ಹೊತ್ತಿಕೊಂಡರೆ ‘ನಿಲ್ಲುತ್ತಿದ್ದೇನೆ’ ಎಂದು ಅರ್ಥ. ಪಕ್ಕದ ದೀಪ ಮಿನುಗಿದರೆ ‘ತಿರುಗುತ್ತಿದ್ದೇನೆ’ ಎಂದು ಅರ್ಥ. ಹಿಂದೆ ಬರುವವನು ಈ ಎರಡು ಮಾತುಗಳನ್ನು ನಂಬಿಯೇ ತನ್ನ ವಾಹನವನ್ನು ನಡೆಸುತ್ತಾನೆ. ಗಂಟೆಗೆ 60 ಕಿಲೋಮೀಟರ್ ವೇಗದಿಂದ ಹೋಗುವ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ದೂರವನ್ನು ಕ್ರಮಿಸುತ್ತದೆ. ಮುಂದಿನ ಕಾರಿನ ಬ್ರೇಕ್ ದೀಪ ಹೊತ್ತದೆ, ಹಿಂದಿನ ಚಾಲಕ ಒಂದೇ ಒಂದು ಸೆಕೆಂಡು ತಡವಾಗಿ ಎಚ್ಚೆತ್ತನೆಂದರೆ, ನಾಲ್ಕು ಅಂಬಾಸಿಡರ್ ಕಾರುಗಳನ್ನು ಒಂದರ ಹಿಂದೊಂದು ನಿಲ್ಲಿಸಬಹುದಾದಷ್ಟು ಅಂತರ ಕೈಬಿಟ್ಟು ಹೋಯಿತೆಂದೇ ತಿಳಿಯಬೇಕು. ಕೆಲವೇ ರೂಪಾಯಿ ಬೆಲೆಯ ಬಲ್ಬಿನ ಹಿಂದೆ ಮನುಷ್ಯನ ಪ್ರಾಣ ಹೀಗೆ ನಿಂತಿದೆ.

ಅಂಬಾಸಿಡರಿನ ಹೆಸರನ್ನು ಎತ್ತಿದುದಕ್ಕೆ ಕಾರಣವಿಲ್ಲದಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿದ ಈ ವಾಹನ 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದಿತು. ಫಿಯಟ್ 1100ರಿಂದ ಬಂದ ಪ್ರೀಮಿಯರ್ ಪದ್ಮಿನಿ ಅದರ ಸಮಕಾಲೀನ. ಇವುಗಳ ತಯಾರಿಕೆ ನಿಂತುಹೋಗಿದ್ದರೂ, ಅಕ್ಕರೆಯಿಂದ ಸಾಕಿಕೊಂಡಿರುವವರು ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಇಂದಿನ ಕಾರುಗಳಲ್ಲಿ ದೀಪದ ದೋಷವನ್ನು ಎಷ್ಟೋ ವೇಳೆ ಕಂಪ್ಯೂಟರೇ ಹೇಳಿಬಿಡುತ್ತದೆ. ಹಳೆಯ ಕಾರಿನಲ್ಲಾದರೋ ನಾವೇ ಹುಡುಕಬೇಕು. ಹುಡುಕಲು ಬೇಕಾದುದು ಪ್ರೌಢಶಾಲೆಯಲ್ಲಿ ಕಲಿತ ಓಮನ ನಿಯಮ ಮತ್ತು ಸ್ವಲ್ಪ ತಾಳ್ಮೆ, ಅಷ್ಟೆ.

ಒಂದೇ ತಂತಿಯ ಮಂಡಲ

ಪ್ರಯೋಗಶಾಲೆಯಲ್ಲಿ ನಾವು ಬಲ್ಬನ್ನು ಹೊತ್ತಿಸುವಾಗ ಕೋಶದಿಂದ ಬಲ್ಬಿಗೆ ಒಂದು ತಂತಿ, ಬಲ್ಬಿನಿಂದ ಕೋಶಕ್ಕೆ ಇನ್ನೊಂದು ತಂತಿ, ಹೀಗೆ ಎರಡನ್ನು ಬಳಸುತ್ತೇವೆ. ಕಾರಿನಲ್ಲಿ ಎರಡನೆಯ ತಂತಿಯ ಕೆಲಸವನ್ನು ಕಾರಿನ ಉಕ್ಕಿನ ಮೈಯೇ ಮಾಡುತ್ತದೆ. ಬ್ಯಾಟರಿಯ ಒಂದು ಧ್ರುವವನ್ನು ಮೈಗೆ ಜೋಡಿಸಿರುತ್ತಾರೆ. ಪ್ರತಿಯೊಂದು ದೀಪದ ಒಂದು ಕೊನೆಯೂ ಮೈಗೇ ಸೇರುತ್ತದೆ. ಇದನ್ನು ಮೋಟಾರು ಕೆಲಸದವರು ‘ಅರ್ತ್’ ಎನ್ನುತ್ತಾರೆ. ಭೂಮಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಕಾರು ರಬ್ಬರಿನ ಚಕ್ರಗಳ ಮೇಲೆ ನಿಂತಿರುವುದಷ್ಟೆ! ಪ್ರವಾಹ ಬ್ಯಾಟರಿಗೆ ಮರಳುವ ದಾರಿಗೆ ಇದೊಂದು ಹೆಸರು. ಈ ದಾರಿ ಕಣ್ಣಿಗೆ ಬೀಳದ ಕಾರಣ, ದೋಷ ಹುಡುಕುವವರು ಇದನ್ನೇ ಮರೆಯುತ್ತಾರೆ. ಹಳೆಯ ಕಾರಿನ ದೀಪಗಳ ತೊಂದರೆಗೆ ಬಹುಮಟ್ಟಿಗೆ ಕಾರಣವಾಗುವುದೂ ಇದೇ.

ಕವಲುಗಳ ತರ್ಕ

ತೋಟಕ್ಕೆ ನೀರು ಹಾಯಿಸುವವನು ಒಂದು ಪಾತಿ ಒಣಗಿದ್ದರೆ ಆ ಪಾತಿಯ ಕಾಲುವೆಯನ್ನು ನೋಡುತ್ತಾನೆ. ಎಲ್ಲ ಪಾತಿಗಳೂ ಒಣಗಿದ್ದರೆ ಬಾವಿಯ ಕಡೆಗೆ ನಡೆಯುತ್ತಾನೆ. ದೀಪಗಳ ವಿಚಾರದಲ್ಲಿಯೂ ಹೀಗೆಯೇ. ಆ ಕಾಲದ ಹಲವು ಕಾರುಗಳಲ್ಲಿ ಫ್ಯೂಸುಗಳು ತೀರ ಕಡಿಮೆ. ಬ್ರೇಕ್ ದೀಪ, ಇಂಡಿಕೇಟರ್, ವೈಪರ್ ಮುಂತಾದವು ಒಂದೇ ಫ್ಯೂಸಿನ ಹಿಂದೆ ಇರುವುದುಂಟು. ಇವೆಲ್ಲವೂ ಒಟ್ಟಿಗೆ ನಿಂತುಹೋದರೆ ಫ್ಯೂಸನ್ನು ಮತ್ತು ಅದನ್ನು ಹಿಡಿದಿರುವ ಕವಚವನ್ನು ನೋಡಬೇಕು. ಎರಡು ಬ್ರೇಕ್ ದೀಪಗಳು ಮಾತ್ರ ಹೊತ್ತದಿದ್ದರೆ ದೋಷ ಅವೆರಡಕ್ಕೂ ಸಮಾನವಾದ ಸ್ವಿಚ್ಚಿನಲ್ಲಿರುವ ಸಂಭವ ಹೆಚ್ಚು. ಎಡಗಡೆಯದು ಮಾತ್ರ ಹೊತ್ತದಿದ್ದರೆ ಬಲ್ಬು, ಹೋಲ್ಡರ್, ಅರ್ತ್ ಇವುಗಳಿಂದಾಚೆಗೆ ಹೋಗಬೇಕಾಗಿಯೇ ಇಲ್ಲ. ಸ್ಪಾನರನ್ನು ಕೈಗೆ ತೆಗೆದುಕೊಳ್ಳುವ ಮೊದಲು ಒಂದು ಹಾಳೆಯ ಮೇಲೆ ಯಾವುದು ಹೊತ್ತುತ್ತದೆ, ಯಾವುದು ಹೊತ್ತುವುದಿಲ್ಲ ಎಂದು ಪಟ್ಟಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ.

ಬ್ರೇಕ್ ಸ್ವಿಚ್ಚೂ ಎರಡು ತಂತುಗಳ ಬಲ್ಬೂ

ಬ್ರೇಕಿನ ಸ್ವಿಚ್ಚು ಎರಡು ವಿಧವಾಗಿರುತ್ತದೆ. ಒಂದು, ಪೆಡಲಿನ ಬಳಿಯಲ್ಲಿದ್ದು ಅದರ ಚಲನೆಯಿಂದ ಕೆಲಸ ಮಾಡುವಂತಹುದು. ಇನ್ನೊಂದು, ಬ್ರೇಕಿನ ದ್ರವದ ಕೊಳವೆಗೆ ಜೋಡಿಸಿದ್ದು. ಪೆಡಲನ್ನು ತುಳಿದಾಗ ದ್ರವದ ಒತ್ತಡ ಏರಿ, ಒಂದು ತೆಳುಪೊರೆಯನ್ನು ನೂಕುತ್ತದೆ. ಪೊರೆ ವಿದ್ಯುತ್ ಸಂಪರ್ಕವನ್ನು ಕೂಡಿಸುತ್ತದೆ. ವರ್ಷಗಳು ಕಳೆದಂತೆ ಸಂಪರ್ಕದ ತುದಿಗಳು ಕಿಡಿಗಳಿಂದ ಸುಟ್ಟು ಕಪ್ಪಾಗುತ್ತವೆ. ಆಗ ಮೃದುವಾಗಿ ತುಳಿದರೆ ದೀಪ ಹೊತ್ತುವುದಿಲ್ಲ, ಬಲವಾಗಿ ತುಳಿದರೆ ಮಾತ್ರ ಹೊತ್ತುತ್ತದೆ. ಪರೀಕ್ಷೆ ಬಹಳ ಸುಲಭ. ಸ್ವಿಚ್ಚಿಗೆ ಬರುವ ಎರಡು ತಂತಿಗಳನ್ನು ಬಿಡಿಸಿ ಒಂದಕ್ಕೊಂದು ತಾಗಿಸಿದಾಗ ದೀಪಗಳು ಹೊತ್ತಿದರೆ ತಪ್ಪು ಸ್ವಿಚ್ಚಿನದು. ಆದರೆ ದ್ರವದ ಸ್ವಿಚ್ಚನ್ನು ಕೊಳವೆಯಿಂದ ಬಿಚ್ಚುವ ಸಾಹಸಕ್ಕೆ ವಿದ್ಯಾರ್ಥಿಗಳು ಕೈಹಾಕಬಾರದು. ಬಿಚ್ಚಿದರೆ ಕೊಳವೆಗೆ ಗಾಳಿ ಸೇರುತ್ತದೆ. ಗಾಳಿ ಕುಗ್ಗುವ ವಸ್ತುವಾದುದರಿಂದ ಪೆಡಲಿನ ಒತ್ತಡ ಚಕ್ರಗಳಿಗೆ ಸರಿಯಾಗಿ ಮುಟ್ಟುವುದಿಲ್ಲ. ದೀಪವನ್ನು ಸರಿಪಡಿಸಲು ಹೋಗಿ ಬ್ರೇಕನ್ನೇ ಕೆಡಿಸಿದಂತಾದೀತು. ಇದು ಅನುಭವಿಯಾದ ಮೆಕ್ಯಾನಿಕನ ಕೆಲಸ.

ಹಿಂಬದಿಯ ಕೆಂಪು ಬಲ್ಬಿನಲ್ಲಿ ಸಾಮಾನ್ಯವಾಗಿ ಎರಡು ತಂತುಗಳಿರುತ್ತವೆ: ರಾತ್ರಿಯ ದೀಪಕ್ಕೆ 5 ವಾಟಿನದು, ಬ್ರೇಕಿಗೆ 21 ವಾಟಿನದು. ಬಲ್ಬಿನ ಬುಡದ ಎರಡು ಮೊಳೆಗಳನ್ನು ಬೇರೆ ಬೇರೆ ಎತ್ತರದಲ್ಲಿ ಇಟ್ಟಿರುವುದು ಅದನ್ನು ತಿರುವುಮುರುವಾಗಿ ಕೂರಿಸದಿರಲೆಂದು. ಸವೆದ ಹೋಲ್ಡರಿನಲ್ಲಿ ಬಲವಂತವಾಗಿ ತಿರುವಿದರೆ ಈ ಎಚ್ಚರಿಕೆ ವ್ಯರ್ಥವಾಗುತ್ತದೆ. ಆಗ ರಾತ್ರಿಯ ದೀಪವೇ ಬ್ರೇಕ್ ದೀಪದಂತೆ ಉಜ್ಜ್ವಲವಾಗಿ ಉರಿಯುತ್ತಿರುತ್ತದೆ. ಬ್ರೇಕನ್ನು ತುಳಿದರೆ ಅದಕ್ಕೆ ಸೇರುವುದು 5 ವಾಟಿನ ಬೆಳಕು ಮಾತ್ರ. ಹಿಂದಿನವನ ಕಣ್ಣಿಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟ.

ಮಿನುಗುವ ಬಗೆ

ಹಳೆಯ ಕಾಲದ ಕೆಲವು ಕಾರುಗಳಲ್ಲಿ ತಿರುವನ್ನು ಸೂಚಿಸಲು ಬಾಗಿಲ ಪಕ್ಕದ ಕಂಬದಿಂದ ಒಂದು ಪುಟ್ಟ ಕೈ ಹೊರಕ್ಕೆ ಚಾಚಿಕೊಳ್ಳುತ್ತಿದ್ದಿತು. ಅನಂತರ ಮಿನುಗುವ ದೀಪಗಳು ಬಂದುವು. ಇವು ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕೆಂಬುದು ಈಗ ಅಂಗೀಕೃತವಾಗಿರುವ ನಿಯಮ. ಯಾವ ಎಲೆಕ್ಟ್ರಾನಿಕ್ ಉಪಕರಣವೂ ಇಲ್ಲದೆ ಹಳೆಯ ಫ್ಲಾಷರ್ ಇದನ್ನು ಹೇಗೆ ಸಾಧಿಸುತ್ತಿದ್ದಿತು?

ಅಂತಹ ಒಂದು ಬಗೆಯ ಫ್ಲಾಷರಿನೊಳಗೆ ಬಿಲ್ಲಿನಂತೆ ಬಾಗಿದ ತೆಳುವಾದ ಲೋಹದ ತಗಡು ಇದೆ. ಬಿಲ್ಲಿಗೆ ಹೆದೆಯಿದ್ದಂತೆ ಅದನ್ನು ಬಿಗಿದು ಹಿಡಿದಿರುವ ಲೋಹದ ಪಟ್ಟಿಯೊಂದಿದೆ. ದೀಪಗಳಿಗೆ ಹೋಗುವ ಪ್ರವಾಹವೆಲ್ಲ ಈ ಹೆದೆಯ ಮೂಲಕವೇ ಹರಿಯುತ್ತದೆ. ಪ್ರವಾಹದಿಂದ ಹೆದೆ ಕಾಯುತ್ತದೆ, ಕಾದುದು ಉದ್ದವಾಗುತ್ತದೆ, ಸಡಿಲವಾದೊಡನೆ ಬಿಲ್ಲು ‘ಟಿಕ್’ ಎಂದು ನೆಟ್ಟಗಾಗಿ ಸಂಪರ್ಕ ಕಡಿದುಹೋಗುತ್ತದೆ. ದೀಪ ಆರುತ್ತದೆ. ಪ್ರವಾಹ ನಿಂತುದರಿಂದ ಹೆದೆ ತಣಿದು ಕುಗ್ಗಿ ಬಿಲ್ಲನ್ನು ಮತ್ತೆ ಬಾಗಿಸುತ್ತದೆ. ಸಂಪರ್ಕ ಕೂಡಿ ದೀಪ ಹೊತ್ತುತ್ತದೆ. ಚಾಲಕ ಕೇಳುವ ಟಿಕ್ ಟಿಕ್ ಸದ್ದು ಈ ಬಿಲ್ಲಿನದೇ.

ಮುಂದೊಂದು ಹಿಂದೊಂದು 21 ವಾಟಿನ ಬಲ್ಬುಗಳಿದ್ದರೆ 12 ವೋಲ್ಟಿನಲ್ಲಿ ಒಂದೊಂದೂ 1.75 ಆಂಪಿಯರ್, ಒಟ್ಟು 3.5 ಆಂಪಿಯರ್ ಸೆಳೆಯುತ್ತವೆ. ಒಂದು ಬಲ್ಬು ಸುಟ್ಟುಹೋಯಿತೆನ್ನೋಣ. ಪ್ರವಾಹ ಅರ್ಧವಾಯಿತು. ಉತ್ಪನ್ನವಾಗುವ ಶಾಖ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಅದು ಕಾಲುಭಾಗಕ್ಕೆ ಇಳಿಯಿತು. ಆ ಶಾಖ ಹೆದೆಯನ್ನು ಸಡಿಲಿಸಲು ಸಾಲದು. ಉಳಿದ ದೀಪ ಮಿನುಗದೆ ಸುಮ್ಮನೆ ಉರಿಯುತ್ತ ನಿಲ್ಲುತ್ತದೆ, ಇಲ್ಲವೆ ಬಹಳ ನಿಧಾನವಾಗಿ ಮಿನುಗುತ್ತದೆ. ಇದನ್ನು ಕಂಡು ಹಲವರು ಹೊಸ ಫ್ಲಾಷರನ್ನು ಕೊಂಡುತರುತ್ತಾರೆ. ಫ್ಲಾಷರಿನದು ತಪ್ಪೇನೂ ಇಲ್ಲ. ಅದು ಬಲ್ಬಿನ ಸಾವನ್ನು ತನ್ನ ರೀತಿಯಲ್ಲಿ ತಿಳಿಸುತ್ತಿದೆ.

ಇದೇ ಕಾರಣದಿಂದ ಹಳೆಯ ಕಾರಿಗೆ ಎಲ್‌ಇಡಿ ಬಲ್ಬುಗಳನ್ನು ಹಾಕಿದರೆ ಅವು ಮಿನುಗಲೊಲ್ಲವು. ಅವು ಸೆಳೆಯುವ ಪ್ರವಾಹ ಅತ್ಯಲ್ಪ. ಅವಕ್ಕೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಷರನ್ನೂ ಜೊತೆಗೆ ಹಾಕಬೇಕು. ಎಲ್‌ಇಡಿಗೆ ಒಂದು ಹಿರಿಮೆಯುಂಟು. ತಂತುವಿನ ಬಲ್ಬು ಕಾದು ಪೂರ್ಣ ಬೆಳಕು ಕೊಡಲು ಸುಮಾರು 0.2 ಸೆಕೆಂಡು ಬೇಕು. ಎಲ್‌ಇಡಿ ತತ್‌ಕ್ಷಣ ಬೆಳಗುತ್ತದೆ. ಮೊದಲು ಹೇಳಿದ ವೇಗದಲ್ಲಿ ಇದರ ಬೆಲೆ 3 ಮೀಟರಿಗೂ ಹೆಚ್ಚು.

ದಾರಿ ತಪ್ಪಿದ ಪ್ರವಾಹ

ಈಗ ಎಲ್ಲಕ್ಕಿಂತ ವಿಚಿತ್ರವಾದ ದೋಷವನ್ನು ನೋಡೋಣ. ಬ್ರೇಕನ್ನು ತುಳಿದರೆ ಬ್ರೇಕ್ ದೀಪ ಕೆಂಡದಂತೆ ಮಂಕಾಗಿದೆ. ಯಾರೂ ಮುಟ್ಟದಿದ್ದರೂ ಅದೇ ಪಕ್ಕದ ಮುಂದಿನ ಇಂಡಿಕೇಟರ್ ಕೂಡ ಮಂಕಾಗಿ ಬೆಳಗುತ್ತದೆ! ಕಾರಿಗೆ ಪಿಶಾಚಿ ಹೊಕ್ಕಿತೆಂದು ಹೇಳುವಂತಹ ಈ ಲಕ್ಷಣಕ್ಕೆ ಕಾರಣ ಅತಿ ಸರಳ.

ಹಿಂಬದಿಯ ಬ್ರೇಕ್ ಬಲ್ಬು ಮತ್ತು ಇಂಡಿಕೇಟರ್ ಬಲ್ಬು ಒಂದೇ ಲೋಹದ ಕವಚದಲ್ಲಿ ಕುಳಿತಿವೆ. ಎರಡಕ್ಕೂ ಅರ್ತ್ ಆ ಕವಚವೇ. ಕವಚಕ್ಕೂ ಕಾರಿನ ಮೈಗೂ ನಡುವೆ ತುಕ್ಕು ಹಿಡಿದು ಸಂಪರ್ಕ ಕಡಿದಿದೆ. ಬ್ರೇಕ್ ತಂತುವಿನ ಮೂಲಕ ಕವಚಕ್ಕೆ ಬಂದ ಪ್ರವಾಹಕ್ಕೆ ಮರಳುವ ದಾರಿ ಇಲ್ಲ. ಹತ್ತಿರದಲ್ಲಿರುವ ಇಂಡಿಕೇಟರ್ ತಂತುವನ್ನು ಅದು ಹಿಂದುಮುಂದಾಗಿ ಹೊಕ್ಕು, ಅದರ ತಂತಿಯಲ್ಲಿ ಸಾಗಿ, ಮುಂದಿನ ಇಂಡಿಕೇಟರ್ ಬಲ್ಬಿನ ಮೂಲಕ ಅಲ್ಲಿಯ ಒಳ್ಳೆಯ ಅರ್ತನ್ನು ಸೇರುತ್ತದೆ. ಮೂರು ಸಮಾನ ತಂತುಗಳು ಸರಣಿಯಲ್ಲಿ ನಿಂತಂತಾಯಿತು. ಒಂದೊಂದರ ಪಾಲಿಗೂ ಹೆಚ್ಚೆಂದರೆ 4 ವೋಲ್ಟ್. 12 ವೋಲ್ಟಿನ ಬಲ್ಬಿಗೆ 4 ವೋಲ್ಟ್ ಕೊಟ್ಟರೆ ಮಂಕಾಗದೆ ಇನ್ನೇನಾದೀತು? ಕೆಲವು ವೇಳೆ ಪ್ರವಾಹ 5 ವಾಟಿನ ತಂತುವನ್ನು ಹೊಕ್ಕು ರಾತ್ರಿಯ ದೀಪಗಳ ಕಡೆಗೂ ಹರಿಯುತ್ತದೆ. ಒಂದು ದೀಪವನ್ನು ಹೊತ್ತಿಸಿದಾಗ ಇನ್ನೊಂದು ತಾನಾಗಿ ಬೆಳಗಿದರೆ ಮೊದಲು ಅರ್ತನ್ನೇ ಸಂಶಯಿಸಬೇಕು.

ಮೀಟರಿನ ಸಾಕ್ಷ್ಯ

ಅರ್ತ್ ಪೂರ್ಣವಾಗಿ ಕಡಿಯದೆ, ತುಕ್ಕಿನಿಂದ ಕೇವಲ 1 ಓಮ್ ರೋಧ ಅಲ್ಲಿ ಸೇರಿಕೊಂಡಿದೆ ಎನ್ನೋಣ. ಉರಿಯುತ್ತಿರುವ 21 ವಾಟಿನ ತಂತುವಿನ ರೋಧ ಸುಮಾರು 7 ಓಮ್. ಒಂದು ದೀಪ ಮಾತ್ರ ಹೊತ್ತಿದಾಗ ಪ್ರವಾಹ 1.5 ಆಂಪಿಯರ್, ತುಕ್ಕಿನಲ್ಲಿ 1.5 ವೋಲ್ಟ್ ನಷ್ಟವಾಗಿ ಬಲ್ಬಿಗೆ 10.5 ವೋಲ್ಟ್ ಉಳಿಯುತ್ತದೆ. ಅದೇ ಕವಚದ ಎರಡು ದೀಪಗಳೂ ಒಟ್ಟಿಗೆ ಹೊತ್ತಿದಾಗ ನಷ್ಟ ಸುಮಾರು 2.7 ವೋಲ್ಟಿಗೆ ಏರಿ, ಬಲ್ಬುಗಳಿಗೆ 9.3 ವೋಲ್ಟ್ ಮಾತ್ರ ದಕ್ಕುತ್ತದೆ. ಬಲ್ಬಿನ ಬೆಳಕು ವೋಲ್ಟೇಜಿನ ಮೂರನೆಯ ಘಾತಕ್ಕಿಂತಲೂ ವೇಗವಾಗಿ ಇಳಿಯುವಂತಹುದು. ಆದುದರಿಂದ ಮೊದಲನೆಯ ಸಂದರ್ಭದಲ್ಲಿ ಬೆಳಕು ಸುಮಾರು ಮೂರರಲ್ಲಿ ಎರಡು ಪಾಲಿಗೂ, ಎರಡನೆಯದರಲ್ಲಿ ಅರ್ಧಕ್ಕಿಂತ ಕಡಿಮೆಗೂ ಇಳಿಯುತ್ತದೆ. ಬ್ರೇಕನ್ನು ತುಳಿದೊಡನೆ ಇಂಡಿಕೇಟರ್ ಸೊರಗುವುದು, ಅದರ ಮಿನುಗು ನಿಧಾನವಾಗುವುದು ಇದರಿಂದಲೇ.

ಇಲ್ಲಿ ಎಚ್ಚರಿಕೆಯ ಮಾತೊಂದುಂಟು. ಬಲ್ಬನ್ನು ತೆಗೆದು ಖಾಲಿ ಹೋಲ್ಡರಿಗೆ ಮಲ್ಟಿಮೀಟರನ್ನು ಹಚ್ಚಿದರೆ ಅದು 12 ವೋಲ್ಟ್ ತೋರಿಸಿ, ಎಲ್ಲವೂ ಸರಿಯಾಗಿದೆ ಎಂದು ಸಾಕ್ಷಿ ಹೇಳುತ್ತದೆ. ಆ ಸಾಕ್ಷ್ಯವನ್ನು ನಂಬಬಾರದು. ಮೀಟರು ಸೆಳೆಯುವ ಪ್ರವಾಹ ಅತ್ಯಲ್ಪವಾದುದರಿಂದ ತುಕ್ಕಿನಲ್ಲಿ ನಷ್ಟವಾಗುವ ವೋಲ್ಟೇಜು ಲೆಕ್ಕಕ್ಕೆ ಬರುವುದಿಲ್ಲ. ಪ್ರವಾಹವಿಲ್ಲದಾಗ ರೋಧ ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಬಲ್ಬನ್ನು ಹೊತ್ತಿಸಿಯೇ ಪರೀಕ್ಷಿಸಬೇಕು. ಮೀಟರಿನ ಒಂದು ತುದಿಯನ್ನು ದೀಪದ ಕವಚಕ್ಕೂ ಇನ್ನೊಂದನ್ನು ಬ್ಯಾಟರಿಯ ಅರ್ತ್ ಧ್ರುವಕ್ಕೂ ಮುಟ್ಟಿಸಿದರೆ, ಮರಳುವ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜು ನೇರವಾಗಿ ಕಾಣುತ್ತದೆ. ಅದು ಒಂದು ವೋಲ್ಟಿನ ಹತ್ತನೆಯ ಒಂದೆರಡು ಭಾಗದಷ್ಟಿದ್ದರೆ ಚಿಂತೆಯಿಲ್ಲ. ಒಂದು ವೋಲ್ಟನ್ನು ಮುಟ್ಟಿದರೆ ಕಳ್ಳ ಸಿಕ್ಕಿಬಿದ್ದನೆಂದೇ ತಿಳಿಯಬಹುದು. ಬಲ್ಬಿನ ರೋಧವನ್ನು ತಣ್ಣಗಿರುವಾಗ ಅಳೆದು ಗಾಬರಿಪಡುವುದೂ ಬೇಡ. ತಣ್ಣನೆಯ ಟಂಗ್‌ಸ್ಟನ್ ತಂತುವಿನ ರೋಧ ಉರಿಯುವಾಗಿನ ರೋಧದ ಹತ್ತನೆಯ ಒಂದು ಪಾಲಿಗೂ ಕಡಿಮೆ.

ಪರಿಹಾರ ದುಬಾರಿಯಲ್ಲ. ಮೊದಲು ಬ್ಯಾಟರಿಯ ಅರ್ತ್ ತಂತಿಯನ್ನು ಬಿಡಿಸಿಡಬೇಕು. ಕವಚದ ತಿರುಪನ್ನು ಬಿಚ್ಚಿ, ಅದು ಕೂರುವ ಜಾಗದ ತುಕ್ಕನ್ನೂ ಬಣ್ಣವನ್ನೂ ಉಜ್ಜುಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿದು, ನೀರು ಸೇರದಂತೆ ಮೇಲೆ ತುಸು ಗ್ರೀಸನ್ನು ಸವರಬೇಕು. ಹೋಲ್ಡರಿನ ಒಳಗನ್ನೂ ಹೀಗೆಯೇ ಶುಚಿಗೊಳಿಸಬೇಕು. ಕವಚದಿಂದ ಮೈಗೆ ಪ್ರತ್ಯೇಕವಾದ ತಂತಿಯೊಂದನ್ನು ಎಳೆದರೆ ಇನ್ನೂ ಒಳ್ಳೆಯದು. ಮಂಗಳೂರು, ಉಡುಪಿ, ಕಾರವಾರಗಳಂತಹ ಕರಾವಳಿಯ ಊರುಗಳಲ್ಲಿ ಉಪ್ಪು ಬೆರೆತ ತೇವದ ಗಾಳಿ ಬೇರೆ ಬೇರೆ ಲೋಹಗಳು ಕೂಡುವ ಎಡೆಗಳನ್ನು ಬೇಗ ತಿನ್ನುತ್ತದೆ. ಅಲ್ಲಿ ಮಳೆಗಾಲ ಮುಗಿದ ಮೇಲೆ ಒಮ್ಮೆ ಹೀಗೆ ಮಾಡುವುದು ಅವಶ್ಯಕ.

ಯಾರ ಮನೆಯಲ್ಲಿ ಹಳೆಯ ಕಾರು ಇದೆಯೋ ಆ ವಿದ್ಯಾರ್ಥಿಗಳು ವಾರಕ್ಕೊಮ್ಮೆ, ಕಾರು ನಿಂತಿರುವಾಗ, ಒಬ್ಬರನ್ನು ಪೆಡಲಿನ ಬಳಿ ಕೂರಿಸಿ ತಾವು ಹಿಂದೆ ನಿಂತು ನೋಡಲಿ. ಬ್ರೇಕ್ ದೀಪ ಬೆಳಗುತ್ತಿದೆಯೇ ಎಂಬುದು ಕಾರನ್ನು ನಡೆಸುವವನಿಗೆ ಎಂದೂ ಕಾಣುವುದಿಲ್ಲ. ಅದನ್ನು ಅವನಿಗಾಗಿ ಇನ್ನೊಬ್ಬರು ನೋಡಿ ಹೇಳಬೇಕು. ಒಂದು ನಿಮಿಷದ ಕೆಲಸ.