ಮನಿಗೆ ಯಾವ ವೆಲ್ಡಿಂಗ್ ಮಶಿನ್ ಛಲೋ?

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಮನಿ ಮುಂದ ತಗಡಿನ ಶೆಡ್ ಹಾಕಿ ವೆಲ್ಡಿಂಗ್ ಮಾಡೋರು ಇದ್ದಾರೆ. ಸಾಲ ತಂದು ಮಶಿನ್ ಕೊಳ್ಳುವಾಗ ಎಲ್ಲರೂ ಮೊದಲು ಆಂಪಿಯರ್ ಕೇಳ್ತಾರೆ. ಮೊದಲು ನೋಡಬೇಕಾದ್ದು ಮನಿಯ ಕರೆಂಟ್ ಲೈನು ಅಂತೀನಿ ನಾನು.

ಮಶಿನ್ ಎರಡು ಥರ. ಟ್ರಾನ್ಸ್‌ಫಾರ್ಮರ್ ಮಶಿನ್ ಬಹಳ ಭಾರ, ಕರೆಂಟೂ ಹೆಚ್ಚು ಎಳೀತದ. ಇನ್ವರ್ಟರ್ ಒಂದೇ ಕೈಯಾಗ ಎತ್ತಬಹುದು. ದೊಡ್ಡ ಟ್ರಾನ್ಸ್‌ಫಾರ್ಮರ್ ಮಶಿನಿಗೆ ಎರಡು ಇಲ್ಲಾ ಮೂರು ಫೇಸ್ ಬೇಕು. ಮನಿಗೆ ಸಾಮಾನ್ಯವಾಗಿ ಬರೋದು ಒಂದೇ ಫೇಸ್, 230 ವೋಲ್ಟ್. ವೋಲ್ಟೇಜ್ ಇಳಿದರ ಆಂಪಿಯರೂ ಇಳಿದು ರಾಡು ಕಬ್ಬಿಣಕ್ಕೆ ಅಂಟಿಕೊಂಡು ಬಿಡ್ತದ. ಒಳ್ಳೇ ಇನ್ವರ್ಟರ್ ಸ್ವಲ್ಪ ಏರಿಳಿತ ತಡಕೋತದ. ಯಾವುದೇ ತಂದರೂ ಜೆಸ್ಕಾಂದಲ್ಲಿ ಲೋಡ್ ಮಂಜೂರು ಮಾಡಿಸಬೇಕು, ಅರ್ಥಿಂಗ್ ಸರಿ ಇರಬೇಕು.

ಕಿಟಕಿ, ಗೇಟಿಗೆ 2.5 ಮಿ.ಮೀ. ರಾಡು, ಸುಮಾರು 80 ಆಂಪಿಯರ್ ಸಾಕು. ಭೀಮಾ ದಂಡಿಯ ಕಬ್ಬಿನ ಟ್ರಾಲಿ ರಿಪೇರಿಗೆ 3.15 ರಾಡು, 120ರ ಆಸುಪಾಸು. ಮಶಿನ್ ಮ್ಯಾಲೆ 'ಡ್ಯೂಟಿ ಸೈಕಲ್' ಅಂತ ಬರೆದಿರ್ತದ. 60 ಅಂದರ, ಅಲ್ಲಿ ಕೊಟ್ಟ ಆಂಪಿಯರಿನಲ್ಲಿ 10 ನಿಮಿಷದಾಗ 6 ನಿಮಿಷ ಕೆಲಸ, 4 ನಿಮಿಷ ವಿಶ್ರಾಂತಿ. ಇದನ್ನ ಯಾರೂ ಓದೂದೇ ಇಲ್ಲ!

ನಮ್ಮ ಕಾಕಾಗೆ ಗೇಟಿನ ಕೆಲಸವೇ ಹೆಚ್ಚು. ಅದಕ್ಕೇ ಒಂದು ಫೇಸಿನ 200 ಆಂಪಿಯರ್ ಇನ್ವರ್ಟರ್ ತರ್ರಿ ಅಂದೀನಿ. ಅದಕ್ಕೊಂದು ಕಾಟ ಅದ, ಧೂಳು. ಫ್ಯಾನು ಗ್ರೈಂಡರಿನ ಕಬ್ಬಿಣದ ಪುಡಿ ಒಳಗ ಎಳಕೊಂಡರ ಕಾರ್ಡ್ ಸುಡ್ತದ. ಟ್ರಾನ್ಸ್‌ಫಾರ್ಮರ್ ಸುಟ್ಟರ ರಿವೈಂಡಿಂಗ್ ಮಾಡೋರು ತಂತಿ ಸುತ್ತಿ ಕೊಡ್ತಾರ, ಕಾರ್ಡ್ ಹಾಂಗಲ್ಲ. ಗ್ರೈಂಡರ್ ಹಚ್ಚೂ ಜಾಗ ದೂರ ಇರಲಿ.