ಹಳೆಯ ಲಾರಿಗಳಿಗೂ ಒಂದು ಬಳಗ ಬೇಕು

ಶಿವಮೊಗ್ಗ–ಸಾಗರ ಹೆದ್ದಾರಿಯಲ್ಲಿರುವ ಆನಂದಪುರ ಹಲವು ದಿಕ್ಕಿನ ರಸ್ತೆಗಳು ಕೂಡುವ ಊರು. ಒಂದು ದಾರಿ ಶಿಕಾರಿಪುರದ ಬಯಲಿಗೆ ಹೋದರೆ, ಇನ್ನೊಂದು ರಿಪ್ಪನ್‌ಪೇಟೆಯ ಮೂಲಕ ಹೊಸನಗರ, ತೀರ್ಥಹಳ್ಳಿಗಳ ಅಡಿಕೆ ಸೀಮೆಗೆ ಸಾಗುತ್ತದೆ. ಇಂತಹ ಊರುಗಳ ಚರಿತ್ರೆ ಬರೆಯುವವರಿಗೆ ಕೆಳದಿಯ ಅರಸರು, ಮಠಗಳು, ಕೊಳಗಳು ನೆನಪಾಗುತ್ತವೆ, ಲಾರಿ ನೆನಪಾಗುವುದಿಲ್ಲ. ಆದರೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಮಲೆನಾಡಿನ ಅಡಿಕೆ, ಭತ್ತ, ನಾಟಾಗಳು ಮಾರುಕಟ್ಟೆ ಕಂಡದ್ದು ಬಹುಮಟ್ಟಿಗೆ ಲಾರಿಯಿಂದಲೇ.

ಸುಖದ ಸರಕನ್ನಷ್ಟೇ ಅವು ಹೊರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಳ್ಳುವ ಹೊತ್ತಿಗೆ ಶರಾವತಿ ಕಣಿವೆಯ ಸಾವಿರಾರು ಕುಟುಂಬಗಳು ಮನೆಯ ತೊಲೆ, ಹೆಂಚು, ಪಾತ್ರೆ, ದನಕರುಗಳೊಡನೆ ಲಾರಿ ಹತ್ತಿ ಅಪರಿಚಿತ ಕಾಡುಗಳಲ್ಲಿ ಇಳಿದವು. ನಾಡಿನ ದೀಪಕ್ಕಾಗಿ ತಮ್ಮ ಊರನ್ನು ಕಳೆದುಕೊಂಡವರ ಪಾಲಿಗೆ ಲಾರಿಯೆಂಬುದು ಯಂತ್ರ ಮಾತ್ರವಲ್ಲ, ಬದುಕು ಎರಡು ತುಂಡಾದ ಗಳಿಗೆಯ ಸಾಕ್ಷಿ.

ಆ ಕಾಲದ ಲಾರಿಗಳ ವಂಶಾವಳಿಯೂ ಕುತೂಹಲಕರ. ಎರಡನೇ ಮಹಾಯುದ್ಧದ ನಂತರ ಸೇನೆ ವಿಲೇವಾರಿ ಮಾಡಿದ ಫೋರ್ಡ್, ಷೆವರ್ಲೆ ಗಾಡಿಗಳು ನಾಗರಿಕ ಬಳಕೆಗೆ ಬಂದವು. ಮುಂಬೈನ ಪ್ರೀಮಿಯರ್ ಕಂಪನಿಯಿಂದ ಡಾಜ್, ಫಾರ್ಗೋ, ಡಿ ಸೋಟೋ ಲಾರಿಗಳು ಹೊರಬಂದವು. 1954ರಲ್ಲಿ ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್–ಬೆಂಜ್ ಜೊತೆ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ತಯಾರಿಕೆ ಆರಂಭಿಸಿತು. 1969ರಲ್ಲಿ ಆ ಒಪ್ಪಂದ ಮುಗಿದ ಮೇಲೆ ಮೂರು ಮೊನೆಯ ನಕ್ಷತ್ರದ ಜಾಗಕ್ಕೆ ‘ಟಿ’ ಅಕ್ಷರ ಬಂತು. ಮದ್ರಾಸಿನ ಎಣ್ಣೂರಿನಿಂದ ಅಶೋಕ್ ಲೇಲ್ಯಾಂಡಿನ ಕಾಮೆಟ್, ಕಲ್ಕತ್ತೆಯ ಬಳಿಯ ಉತ್ತರಪಾರಾದಿಂದ ಹಿಂದೂಸ್ತಾನ್ ಬೆಡ್‌ಫರ್ಡ್ ಬಂದವು. ಡೀಸೆಲ್ ಎಂಜಿನ್ನುಗಳಿಗೆ ಬೇಕಾದ ಇಂಧನ ಪಂಪುಗಳನ್ನು 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ತಯಾರಿಸಿತು. ಕಂಪನಿ ಕೊಡುತ್ತಿದ್ದುದು ಚಾಸಿಸ್ ಮಾತ್ರ. ಮರದ ಕ್ಯಾಬಿನ್ ಕಟ್ಟಿ, ಹೆಸರು ಬರೆದು, ಅದಕ್ಕೊಂದು ಮುಖ ಕೊಡುತ್ತಿದ್ದವರು ಸ್ಥಳೀಯ ಬಡಗಿಗಳು ಮತ್ತು ಕಲಾವಿದರು. ಹೀಗಾಗಿ ಒಂದರಂತೆ ಇನ್ನೊಂದು ಲಾರಿ ಇರುತ್ತಿರಲಿಲ್ಲ.

ಇಂದು ಇವುಗಳಲ್ಲಿ ಉಳಿದಿರುವವು ಬೆರಳೆಣಿಕೆಯಷ್ಟು. ನಿಂತುಹೋದ ಸಾಮಿಲ್ಲಿನ ಹಿತ್ತಿಲಲ್ಲೋ, ತೋಟದಂಚಿನ ಕೊಟ್ಟಿಗೆಯಲ್ಲೋ ಅಜ್ಜನ ಕಾಲದ ‘ಮೂತಿ’ ಲಾರಿಯನ್ನು ಮಾರಲು ಮನಸ್ಸು ಬಾರದೆ ಇಟ್ಟುಕೊಂಡವರಿದ್ದಾರೆ. ಅವರ ಕಷ್ಟ ಹಣದ್ದಷ್ಟೇ ಅಲ್ಲ, ಒಂಟಿತನದ್ದು. ಫಾರ್ಗೋ ಲಾರಿಯ ಕ್ರೌನ್–ಪಿನಿಯನ್ ಮುರಿದರೆ ಅದು ಯಾವ ಅಂಗಡಿಯಲ್ಲೂ ಸಿಗದು. ಅದೇ ಭಾಗ ನೂರು ಮೈಲಿ ದೂರದ ಗುಜರಿಯಲ್ಲಿ ಕಬ್ಬಿಣದ ತೂಕಕ್ಕೆ ಮಾರಾಟವಾಗುತ್ತಿರಬಹುದು. ಬೇಕಾದವನಿಗೆ ಅದು ಅಮೂಲ್ಯ, ಇಟ್ಟುಕೊಂಡವನಿಗೆ ಕಸ. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಇದು ಸರಕಿನ ಕೊರತೆಯಲ್ಲ, ಮಾಹಿತಿಯ ಕೊರತೆ. ಕೊಳ್ಳುವವರೂ ಮಾರುವವರೂ ವಿರಳವಾದ ಮಾರುಕಟ್ಟೆಯಲ್ಲಿ ಒಬ್ಬರನ್ನೊಬ್ಬರು ಹುಡುಕುವ ವೆಚ್ಚವೇ ಸರಕಿನ ಬೆಲೆಯನ್ನು ಮೀರುತ್ತದೆ.

ಇದುವರೆಗೆ ಈ ಕೊರತೆಯನ್ನು ತುಂಬುತ್ತಿದ್ದವರು ಹಳೆಯ ಮೆಕ್ಯಾನಿಕ್‌ಗಳು. ಯಾರ ಮನೆಯಲ್ಲಿ ಯಾವ ಗಾಡಿಯಿದೆ, ಯಾವುದರ ಗೇರ್‌ಬಾಕ್ಸ್ ಯಾವುದಕ್ಕೆ ಹೊಂದುತ್ತದೆ ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲಿತ್ತು. ಅವರಿಗೆ ವಯಸ್ಸಾಗುತ್ತಿದೆ. ಆ ತಿಳಿವಳಿಕೆ ಯಾವ ಕೈಪಿಡಿಯಲ್ಲೂ ಇಲ್ಲ. ಆದ್ದರಿಂದ ಇಂತಹ ಲಾರಿಗಳ ಮಾಲೀಕರು ಒಬ್ಬರನ್ನೊಬ್ಬರು ಅರಿತು ಬಳಗವಾಗುವುದು ಹವ್ಯಾಸಿಗಳ ಕಾಲಹರಣವೆಂದು ತಿಳಿಯಬೇಕಿಲ್ಲ. ಈ ಯಂತ್ರಗಳ ಉಳಿವಿಗೆ ಅದು ಮೊದಲ ಷರತ್ತು.

ಬಳಗ ಬೇಕಾಗಿರುವುದಕ್ಕೆ ಇನ್ನೊಂದು ಕಾರಣ ಕಾನೂನು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಗಳಿಗೆ ‘ವಿಂಟೇಜ್’ ಮಾನ್ಯತೆ ನೀಡಿತು. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿಯಂತಹ ಉದ್ದೇಶಗಳಿಗೆ ಅವು ರಸ್ತೆಗಿಳಿಯಬಹುದು. ಸ್ವಾಗತಾರ್ಹ ಕ್ರಮವೇ ಸರಿ. ಆದರೆ ಆ ವ್ಯಾಖ್ಯಾನ ದ್ವಿಚಕ್ರ ವಾಹನ ಮತ್ತು ಖಾಸಗಿ ಬಳಕೆಯ ಕಾರುಗಳಿಗೆ ಸೀಮಿತ. ಸರಕು ಸಾಗಿಸುವ ವಾಹನ ಅದರೊಳಗೆ ಬರುವುದಿಲ್ಲ. ಮಹಾರಾಜರ ಕಾರು ಪರಂಪರೆ, ರೈತನ ಅಡಿಕೆ ಹೊತ್ತ ಲಾರಿ ಹಳೇ ಕಬ್ಬಿಣ! ವರ್ಷಕ್ಕೊಮ್ಮೆ ಮೆರವಣಿಗೆಗೆ ಹೊರಡುವ ಲಾರಿಯನ್ನೂ ನಿತ್ಯ ಬಾಡಿಗೆ ದುಡಿಯುವ ಲಾರಿಯಂತೆಯೇ ನಿಯಮಗಳು ಕಾಣುತ್ತವೆ. ಹದಿನೈದು ವರ್ಷ ಮೀರಿದ ಭಾರೀ ವಾಹನಗಳ ಅರ್ಹತಾ ಪ್ರಮಾಣಪತ್ರದ ಶುಲ್ಕವಂತೂ 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿದೆ.

ಹೊಗೆಯುಗುಳುವ, ಬ್ರೇಕು ಸಡಿಲಾದ ಗಾಡಿಗಳನ್ನು ರಸ್ತೆಯಿಂದ ತೆಗೆಯಬೇಕೆಂಬ ನೀತಿಯ ಬಗ್ಗೆ ತಕರಾರಿಲ್ಲ. ದುಡಿಯುವ ಹಳೆಯ ಲಾರಿ ಬೇರೆ, ಕಾಪಾಡಿದ ಹಳೆಯ ಲಾರಿ ಬೇರೆ ಎಂಬ ವಿವೇಚನೆ ಬೇಕೆಂಬುದಷ್ಟೇ ವಾದ. ಪಾರಂಪರಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ 30 ವರ್ಷ ಮೀರಿದ, ನಿತ್ಯ ಸಾರಿಗೆಗೆ ಬಳಸದ, ಮೂಲಸ್ವರೂಪ ಉಳಿಸಿಕೊಂಡ ವಾಹನವನ್ನು ಐತಿಹಾಸಿಕವೆಂದು ಪರಿಗಣಿಸುತ್ತದೆ. ಕಾರು, ಲಾರಿ ಎಂಬ ಭೇದ ಅಲ್ಲಿಲ್ಲ. ಅಮೆರಿಕದಲ್ಲಿ ಲಾರಿಗಳ ಚರಿತ್ರೆಗೆಂದೇ ಮೀಸಲಾದ ಸಂಘ 1971ರಿಂದ ಇದೆ. ಅಶೋಕ್ ಲೇಲ್ಯಾಂಡಿಗೆ ಹೆಸರು ಕೊಟ್ಟ ಇಂಗ್ಲೆಂಡಿನ ಲೇಲ್ಯಾಂಡ್ ಪಟ್ಟಣದಲ್ಲಿ ಸರಕು ವಾಹನಗಳದೇ ವಸ್ತುಸಂಗ್ರಹಾಲಯವಿದೆ. ಮಾಲೀಕರು ಮೊದಲು ಒಂದಾಗಿ ಮಾತಾಡಿದರೆ ಮಾತ್ರ ನಮ್ಮಲ್ಲೂ ಸರ್ಕಾರ ಕೇಳಿಸಿಕೊಂಡೀತು.

ಒಂದಾಗುವುದು ಮಲೆನಾಡಿಗೆ ಹೊಸತಲ್ಲ. ಅಡಿಕೆ ಬೆಳೆಗಾರರು ಸಹಕಾರ ಸಂಘಗಳ ಮೂಲಕವೇ ಮಾರುಕಟ್ಟೆಯಲ್ಲಿ ದನಿ ಪಡೆದರು. ಕೊಪ್ಪದಲ್ಲಿ ಖಾಸಗಿ ಬಸ್ ಸಂಸ್ಥೆಯೊಂದು ಮುಚ್ಚಿದಾಗ ಕಾರ್ಮಿಕರೇ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿ, 2020ರಲ್ಲಿ ಅದು ನಿಲ್ಲುವವರೆಗೂ ಮಲೆನಾಡಿನ ಹಳ್ಳಿಗಳಿಗೆ ಬಸ್ಸು ಓಡಿಸಿದರು. ಹಳೆಯ ಲಾರಿಗಳ ಬಳಗಕ್ಕೆ ಅಷ್ಟು ದೊಡ್ಡ ಬಂಡವಾಳವೂ ಬೇಡ. ಆಗಬೇಕಾದ ಕೆಲಸಗಳು ಮೂರು. ಮೊದಲನೆಯದು, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಉಳಿದಿರುವ ಲಾರಿಗಳ, ಬಿಡಿಭಾಗಗಳ ಮತ್ತು ಅವನ್ನು ಬಲ್ಲ ಮೆಕ್ಯಾನಿಕ್‌ಗಳ ಒಂದು ಪಟ್ಟಿ. ಎರಡನೆಯದು, ವರ್ಷಕ್ಕೊಂದು ಸಮಾವೇಶ. ನಾಲ್ಕೂ ಕಡೆಯ ರಸ್ತೆ ಕೂಡುವ, ರೈಲು ನಿಲ್ದಾಣವೂ ಇರುವ ಆನಂದಪುರ ಅದಕ್ಕೆ ಯೋಗ್ಯ ಸ್ಥಳ. ಮೂರನೆಯದು, 2021ರ ನಿಯಮದ ವ್ಯಾಖ್ಯಾನಕ್ಕೆ ಸರಕು ವಾಹನಗಳನ್ನೂ ಸೇರಿಸಬೇಕೆಂದು ಸಂಸದರ ಮೂಲಕ ಕೇಂದ್ರ ಸಾರಿಗೆ ಸಚಿವಾಲಯಕ್ಕೆ ಮನವಿ.

ಇಲಾಖೆಗಳ ಅಂಗಳದಲ್ಲಿ ತುಕ್ಕು ಹಿಡಿಯುತ್ತಿರುವ ವಾಹನಗಳ ವಿಷಯದಲ್ಲೂ ತುರ್ತಿದೆ. ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಸಬಾರದೆಂಬ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಗುಜರಿಗೆ ಕಳಿಸುವ ಮುನ್ನ, ಅಪರೂಪದ ಒಂದೆರಡು ಲಾರಿಗಳನ್ನಾದರೂ ಜಿಲ್ಲಾ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಲು ಜಿಲ್ಲಾಡಳಿತ ಯೋಚಿಸಬಹುದು.

ತಾಮ್ರಪತ್ರ, ಓಲೆಗರಿಗಳನ್ನು ಕಾಯ್ದಿಡುವ ನಾವು ದುಡಿದವರ ದಾಖಲೆಗಳ ಬಗ್ಗೆ ಅಷ್ಟೇ ಉದಾಸೀನರು. ಒಂದು ಲಾರಿ ಕುಲುಮೆ ಸೇರಿದರೆ ಹೋಗುವುದು ನಾಲ್ಕಾರು ಟನ್ ಕಬ್ಬಿಣ ಮಾತ್ರವಲ್ಲ. ಅದರೊಂದಿಗೆ ಇನ್ನೊಂದು ಲಾರಿಯನ್ನು ಬದುಕಿಸಬಹುದಾಗಿದ್ದ ಬಿಡಿಭಾಗವೂ ಹೋಗುತ್ತದೆ.