ಕೌದಿಯ ಗಂಟು: ಕಟ್ಟಿಡುವುದೂ ಒಂದು ಕಲೆ



ನಿಮ್ಮ ಮನೆಯ ಲಾಫ್ಟಿನ ಮೇಲೋ, ಪಲಂಗದ ಪೆಟ್ಟಿಗೆಯೊಳಗೋ ಹಳೆಯ ಸೀರೆಯಲ್ಲಿ ಕಟ್ಟಿಟ್ಟ ದೊಡ್ಡದೊಂದು ಬಟ್ಟೆಯ ಗಂಟು ಇದೆಯೇ? ಇದ್ದರೆ, "ಅಮ್ಮಾ, ಈ ಚಿಂದಿಯನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೀ?" ಎಂದು ನೀವು ಒಮ್ಮೆಯಾದರೂ ಕೇಳಿರುತ್ತೀರಿ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಮುಂಬಯಿಯಲ್ಲಿ ಒಂದೊಂದು ಚದರಡಿಗೂ ಬೆಲೆಯಿದೆ. ಆದರೆ ಎಸೆಯುವ ಮಾತಾಡುವ ಮೊದಲು ಆ ಗಂಟಿನಲ್ಲಿ ಇರುವುದೇನೆಂದು ತಿಳಿದುಕೊಳ್ಳೋಣ.

ಉತ್ತರ ಕರ್ನಾಟಕದ ಮನೆಗಳಲ್ಲಿ ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತರ, ಕುಪ್ಪಸಗಳನ್ನು ಪದರ ಪದರವಾಗಿ ಹಾಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕಿ ಮಾಡುವ ಹೊದಿಕೆಯೇ ಕೌದಿ. ನಮ್ಮ ಮರಾಠಿ ನೆರೆಯವರಿಗೆ ಇದು ಗೋಧಡಿ, ಬಂಗಾಳದವರಿಗೆ ಕಾಂಥಾ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುವಂತೆ ಹೊಲಿಯುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಚಿದ ಚಿಕ್ಕ ಚಿಕ್ಕ ತುಂಡುಗಳಿಂದ 'ಹೂವು' ಇಡುತ್ತಾರೆ. ಬೆರಳಗಲದ ಚೂರಿಗೂ ಅಲ್ಲಿ ಕೆಲಸವಿದೆ.

ಅಮೆರಿಕ, ಇಂಗ್ಲೆಂಡಿನಲ್ಲಿ ಕ್ವಿಲ್ಟ್ ಹೊಲಿಯುವವರು ತಮ್ಮ ಬಟ್ಟೆಯ ಸಂಗ್ರಹಕ್ಕೆ 'ಸ್ಟ್ಯಾಶ್' ಎನ್ನುತ್ತಾರೆ. ಅವರಲ್ಲಿ ಬಹಳ ಮಂದಿ ಅಂಗಡಿಯಿಂದ ಹೊಸ ಬಟ್ಟೆ ತಂದು ಕೂಡಿಡುತ್ತಾರೆ. ನಮ್ಮ ಗಂಟಿನಲ್ಲಿರುವುದು ಉಟ್ಟು ಬಿಟ್ಟ ಬಟ್ಟೆ. ಅದು ಆಗಲೇ ಸವೆದಿದೆ, ಬೆವರು ಕಂಡಿದೆ, ನೂರಾರು ಸಲ ಒಗೆಸಿಕೊಂಡಿದೆ. ಆದ್ದರಿಂದ ಅದನ್ನು ಕಾಪಾಡುವ ರೀತಿಯೂ ಬೇರೆ.

ಈ ವಿಷಯ ಈಗ ಬರೆಯಲು ಕಾರಣವಿದೆ. ಮುಂಬಯಿ, ಠಾಣೆ, ಡೊಂಬಿವಲಿಗಳಲ್ಲಿ ಹಳೆಯ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಮನೆ ಖಾಲಿ ಮಾಡುವ ಅವಸರದಲ್ಲಿ ಮೊದಲು ಹೊರಗೆ ಬೀಳುವುದು ಇಂಥ ಗಂಟೇ. ನಮ್ಮ ಕಟ್ಟಡದ ಸರದಿಯೂ ಹತ್ತಿರ ಬಂದಿದೆ. ಹೀಗಾಗಿ ಕಳೆದ ಕೆಲವು ವಾರಗಳಿಂದ ನಾನು ಮಾಡುತ್ತಿರುವ ಕೆಲಸವನ್ನೇ ನಿಮ್ಮೆದುರು ಬಿಚ್ಚಿಡುತ್ತಿದ್ದೇನೆ.

ಮೊದಲು ಬಿಚ್ಚಿ, ಎಳೆದು ನೋಡಿ

ದಸರೆಯಿಂದ ದೀಪಾವಳಿಯವರೆಗಿನ ದಿನಗಳು ಈ ಕೆಲಸಕ್ಕೆ ಒಳ್ಳೆಯವು. ಮಳೆ ಹಿಂದೆ ಸರಿದು ಗಾಳಿ ಒಣಗಿರುತ್ತದೆ. ಬಟ್ಟೆಯನ್ನೆಲ್ಲ ನೆಲದ ಮೇಲೆ ಹರಡಿ. ಒಂದೊಂದನ್ನೂ ಬೆಳಕಿಗೆ ಹಿಡಿದು, ಎರಡು ಕೈಗಳಿಂದ ಮೆಲ್ಲಗೆ ಎಳೆಯಿರಿ. ಎಳೆದರೂ ಗಟ್ಟಿಯಾಗಿದ್ದರೆ ಕೌದಿಯ ಮೇಲಿನ ಪದರಕ್ಕೆ ಅಥವಾ ಅಡಿಗೆ. ಎಳೆಗಳು ಬಿಟ್ಟುಕೊಂಡು ಜಾಳಾಗಿದ್ದರೆ ಒಳಪದರಕ್ಕೆ. 'ಚರ್' ಎಂದು ಹರಿದರೆ ನೆಲ ಒರೆಸಲು. ಬಣ್ಣ ನೋಡುವುದು ಆಮೇಲೆ. ಬಲ ನೋಡುವುದು ಮೊದಲು. ಎಷ್ಟೇ ಚೆಂದದ ಬಣ್ಣವಿದ್ದರೂ ಜೀರ್ಣವಾದ ತುಂಡು ಮೇಲೆ ಕುಳಿತರೆ ಎರಡು ಒಗೆತಕ್ಕೇ ಕೌದಿ ಬಾಯಿ ಬಿಡುತ್ತದೆ.

ಬಳಿಕ ಜಾತಿ ಬೇರ್ಪಡಿಸಿ: ಹತ್ತಿ, ರೇಷ್ಮೆ, ನೈಲಾನ್-ಪಾಲಿಯೆಸ್ಟರ್. ಹತ್ತಿ ನೀರಿಗೆ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಎರಡೂ ಒಂದೇ ಕೌದಿಯಲ್ಲಿ ಸೇರಿದರೆ ಒಗೆದ ಮೇಲೆ ಸುಕ್ಕು ಬೀಳುತ್ತದೆ. ಯಾವುದು ಯಾವುದೆಂದು ತಿಳಿಯದಿದ್ದರೆ ಒಂದೇ ಒಂದು ಎಳೆಯನ್ನು ಚಿಮಟಿಗೆಯಲ್ಲಿ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಳಕಲ್ ಸೀರೆಯಾದರೆ ಗಮನವಿರಲಿ, ಮೈ ಹತ್ತಿಯದಾಗಿದ್ದು ಸೆರಗು ರೇಷ್ಮೆಯದಾಗಿರಬಹುದು. ಅಂಥದ್ದರ ಸೆರಗನ್ನು ಬೇರೆ ಮಾಡಿ ರೇಷ್ಮೆಯ ಜೊತೆ ಇಡಿ.

ಕೆಂಪು, ಕಡುನೀಲಿ ಬಟ್ಟೆಗಳ ಮೇಲೆ ಒದ್ದೆಯಾದ ಬಿಳಿ ಅರಿವೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಅದು ನಿಲ್ಲುವವರೆಗೆ ಬೇರೆಯಾಗಿಯೇ ಒಗೆಯಬೇಕು. ಗಂಜಿ ಹಾಕಿದ ಸೀರೆಗಳನ್ನು ಗಂಜಿ ಹೋಗುವಂತೆ ತೊಳೆದೇ ಇಡಬೇಕು, ಏಕೆಂದರೆ ಬೆಳ್ಳಗೆ ಹೊಳೆಯುವ ಸಿಲ್ವರ್‌ಫಿಶ್ ಹುಳಕ್ಕೆ ಗಂಜಿಯೆಂದರೆ ಹಬ್ಬದೂಟ. ಗುಂಡಿ, ಹುಕ್ಕು, ಜಿಪ್ಪು, ಸೀರೆಯ ಫಾಲ್ ಎಲ್ಲ ಬಿಚ್ಚಿ ತೆಗೆಯಿರಿ. ಹುಕ್ಕಿನ ತುಕ್ಕು ಪಕ್ಕದ ಬಟ್ಟೆಗೂ ಹತ್ತುತ್ತದೆ.

ಎಷ್ಟು ಇಟ್ಟುಕೊಳ್ಳಬೇಕು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಲೆಕ್ಕ ಸುಲಭ. ಒಬ್ಬರು ಹೊದೆಯುವ ಕೌದಿ ಸುಮಾರು ನಾಲ್ಕೂವರೆ ಅಡಿ ಅಗಲ, ಆರೂವರೆ ಅಡಿ ಉದ್ದ. ಐದೂವರೆ ಮೀಟರಿನ ಒಂದು ಸೀರೆಯಿಂದ ಅಷ್ಟು ದೊಡ್ಡ ಎರಡು ಪದರ ಸಿಗುತ್ತದೆ. ನಾಲ್ಕು ಪದರದ ಕೌದಿಗೆ ಎರಡು ಸೀರೆಯಷ್ಟು ಬಟ್ಟೆ ಸಾಕು. ಕೈಯಲ್ಲಿ ಹೊಲಿಯುವವರು ಸಂಸಾರದ ನಡುವೆ ವರ್ಷಕ್ಕೆ ಒಂದು ಮುಗಿಸಿದರೆ ದೊಡ್ಡದು. ಹಾಗಾದರೆ ಮೂರು ಕೌದಿಗೆ ಬೇಕಾದಷ್ಟು ಇಟ್ಟುಕೊಳ್ಳಿ, ಒಂದೊಂದಕ್ಕೆ ಒಂದು ಚೀಲ. ಉಳಿದದ್ದನ್ನು ಬೇಕಾದವರಿಗೆ ಕೊಡಿ. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸರು ಇನ್ನೂ ನಮ್ಮ ಗಲ್ಲಿಗಳಿಗೆ ಬರುತ್ತಾರೆ. ಅವರಿಗೆ ಕೊಟ್ಟರೂ ಸರಿಯೇ, ಆರಿಸಿದ ಮೇಲೆ ಕೊಡಬೇಕು ಅಷ್ಟೆ.

ಚೀಲದೊಳಗೆ ಅಳತೆಯ ಪ್ರಕಾರ ಕಟ್ಟಿ. ನಮ್ಮ ಅಜ್ಜಿಯರ ಅಳತೆಯೇ ಇದಕ್ಕೆ ಚೆನ್ನ: ಮೊಳಕ್ಕಿಂತ ದೊಡ್ಡವು ಒಂದು ಕಟ್ಟು, ಗೇಣಿನವು ಒಂದು ಕಟ್ಟು, ಬೆರಳುದ್ದದ ಚೂರುಗಳು ಒಂದು ಪುಟ್ಟ ಚೀಲದಲ್ಲಿ. ಮಡಿಚಿದ ಬಟ್ಟೆಗಳನ್ನು ಒಂದರ ಮೇಲೊಂದು ಒಟ್ಟದೆ, ಕಪಾಟಿನಲ್ಲಿ ಪುಸ್ತಕ ನಿಲ್ಲಿಸುವಂತೆ ನಿಲ್ಲಿಸಿಡಿ. ಒಂದನ್ನು ತೆಗೆಯಲು ಇಪ್ಪತ್ತನ್ನು ಕೆದಕಬೇಕಾಗುವುದಿಲ್ಲ.

ಮಳೆ, ಹುಳ, ನೀರು

ನಮ್ಮೂರಿನ ಒಣ ಹವೆಯಲ್ಲಿ ಟ್ರಂಕಿನೊಳಗೆ ವರ್ಷಗಟ್ಟಲೆ ಕೆಡದ ಬಟ್ಟೆ ಇಲ್ಲಿಯ ನಾಲ್ಕು ತಿಂಗಳ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಮೇ ತಿಂಗಳು ಮುಗಿಯುವ ಮುನ್ನ ಎಲ್ಲವನ್ನೂ ಚೆನ್ನಾಗಿ ಒಣಗಿಸಿ. ಬಣ್ಣದ ಬಟ್ಟೆಗೆ ನೆರಳು ಮೇಲು. ಬಿಗಿಯಾದ ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಸಿಕ್ಕ ತೇವ ಹೊರಗೆ ಬರುವುದಿಲ್ಲ. ಒಗೆದ ಹಳೆಯ ತಲೆದಿಂಬಿನ ಕವರೇ ಸಾಕು. ಬಚ್ಚಲಮನೆಗೆ ತಾಗಿದ ಗೋಡೆಯ ಕಪಾಟಿನಲ್ಲಿ ಇಡಬೇಡಿ. ಕಬ್ಬಿಣದ ಟ್ರಂಕಾದರೆ ಒಳಗೆ ಬಿಳಿಯ ಧೋತರ ಹಾಸಿ. ದಿನಪತ್ರಿಕೆಯ ಕಾಗದ ಕಾಲಕ್ರಮದಲ್ಲಿ ಬಟ್ಟೆಯನ್ನು ಹಳದಿಗಟ್ಟಿಸುತ್ತದೆ.

2005ರ ಜುಲೈ 26ರ ಮಳೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಸುರಿಯಿತು. ನೆಲಮಹಡಿಯ ಮನೆಗಳಲ್ಲಿ ಮಂಚದ ಕೆಳಗೆ ಇದ್ದದ್ದೆಲ್ಲ ಕೆಸರಾಯಿತು. ಆದ್ದರಿಂದ ನೆಲಮಹಡಿಯಲ್ಲಿರುವವರು ಈ ಚೀಲಗಳನ್ನು ಎತ್ತರದಲ್ಲೇ ಇಡುವುದು ಲೇಸು.

ಉಣ್ಣೆ, ರೇಷ್ಮೆಯನ್ನು ತಿನ್ನುವುದು ನುಸಿಯ ಮರಿಗಳು. ಹತ್ತಿಯ ಗೊಡವೆಗೆ ಅವು ಸಾಮಾನ್ಯವಾಗಿ ಬರುವುದಿಲ್ಲ. ರೇಷ್ಮೆಯನ್ನು ಬೇರೆ ಚೀಲದಲ್ಲಿಡಲು ಇದೂ ಒಂದು ಕಾರಣ. ಬಜೆಯ ಬೇರು, ಒಣಗಿದ ಬೇವಿನೆಲೆ, ಲವಂಗ ಇವುಗಳನ್ನು ಸಣ್ಣ ಪೊಟ್ಟಣ ಕಟ್ಟಿ ಇಡುವುದು ನಮ್ಮ ಹಿರಿಯರ ರೂಢಿ. ವಾಸನೆ ಕಡಿಮೆಯಾದಾಗ ಬದಲಿಸಬೇಕು. ಡಾಂಬರು ಗುಳಿಗೆ ಬಳಸುವುದಾದರೆ ಕರ್ಪೂರದ ಜೊತೆ ಇಡಬೇಡಿ, ಎರಡೂ ಸೇರಿದರೆ ಕರಗಿ ಕಲೆಯಾಗುತ್ತದೆ. ಕೂಸಿಗೆ ಹೊದಿಸುವ ಬಟ್ಟೆಯ ಹತ್ತಿರವಂತೂ ಅದು ಬೇಡವೇ ಬೇಡ, ಅದರ ಹಬೆ ಎಳೆಯ ಮಕ್ಕಳಿಗೆ ಅಪಾಯಕಾರಿ. ಜರಿಯ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ. ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲವೇ ಸುರುಳಿ ಸುತ್ತಿಡಿ.

ಹೆಸರು ಬರೆದಿಡಿ

ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಉಳಿಯುತ್ತದೆ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಅವಸರದ್ದು.

ನಮ್ಮ ಅತ್ತೆಯವರಿಗೆ ಈಗ 82 ವರ್ಷ. ಕಣ್ಣು ಮಂಜಾಗಿದೆ. ಗಂಟು ಬಿಚ್ಚಿ ಒಂದೊಂದೇ ತುಂಡನ್ನು ಅವರ ಕೈಗೆ ಕೊಡುತ್ತೇನೆ. ಬೆರಳಲ್ಲಿ ಸವರಿ, "ಇದು ಗುಳೇದಗುಡ್ಡದ ಖಣ. ನಮ್ಮವ್ವ ನನ್ನ ಸೀಮಂತಕ್ಕ ಕೊಟ್ಟಿದ್ದು" ಎನ್ನುತ್ತಾರೆ. ಇನ್ನೊಂದನ್ನು ಮೂಗಿನ ಹತ್ತಿರ ಹಿಡಿದು, "ನಿನ್ನ ಗಂಡನ ಕುಂಚಿಗಿ ಇದ. ಎಲ್ಲಿತ್ತವ್ವಾ ಇದು?" ಎಂದು ನಗುತ್ತಾರೆ. ಆ ಬೆರಳುಗಳಿಗೆ ಗೊತ್ತಿರುವುದು ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಅವರು ಹೇಳಿದ್ದನ್ನು ನಾನು ಲಾಡಿಯ ತುಂಡಿನ ಮೇಲೆ, ಒಗೆದರೂ ಹೋಗದ ಶಾಯಿಯಲ್ಲಿ ಬರೆದು ಬಟ್ಟೆಗೆ ಟಾಕು ಹಾಕುತ್ತಿದ್ದೇನೆ: ಯಾರದ್ದು, ಯಾವ ಊರಿನದ್ದು, ಯಾವ ಸಂದರ್ಭದ್ದು. ಅರ್ಧ ಗಂಟು ಮುಗಿದಿದೆ. ಅತ್ತೆಯವರು ಬೇಗ ದಣಿಯುತ್ತಾರೆ, ದಿನಕ್ಕೆ ನಾಲ್ಕೈದು ತುಂಡಿಗಿಂತ ಹೆಚ್ಚು ಆಗುವುದಿಲ್ಲ.

ನಿಮ್ಮ ಮನೆಯಲ್ಲೂ ಹೀಗೆ ಬಲ್ಲವರು ಒಬ್ಬರಿದ್ದರೆ ಈ ಕೆಲಸ ನಿಮ್ಮದು. ನಿಮ್ಮ ಮೊಬೈಲಿನಲ್ಲಿ ಬಟ್ಟೆಯ ಚಿತ್ರ ತೆಗೆದುಕೊಳ್ಳಿ, ಅವರ ಮಾತನ್ನು ಅವರ ದನಿಯಲ್ಲೇ ಹಿಡಿದಿಡಿ. ಕನ್ನಡ ಬರೆಯಲು ಕೈ ತಡವರಿಸಿದರೆ ದೇವನಾಗರಿಯಲ್ಲೇ ಬರೆಯಿರಿ, ಅಜ್ಜಿ ಬೇಸರಪಡುವುದಿಲ್ಲ. ಹೆಸರಿಲ್ಲದ ತುಂಡು ಮುಂದಿನ ಬಾಡಿಗೆ ಮನೆಗೆ ಹೊರುವವರಿಗೆ ಬರೀ ಭಾರ. ಹೆಸರಿದ್ದರೆ ಅದಕ್ಕೊಂದು ಜಾಗ ಹೇಗಾದರೂ ಹುಟ್ಟುತ್ತದೆ.

ಕೊನೆಯದಾಗಿ, ಕೂಡಿಟ್ಟ ಬಟ್ಟೆ ಹೊಲಿಗೆ ಕಾಣಬೇಕು. ಎರಡೂವರೆ ಅಡಿ ಅಗಲ, ಮೂರು ಅಡಿ ಉದ್ದದ ಕೂಸಿನ ಕೌದಿಯಿಂದ ಆರಂಭಿಸಿ. ಬೇಕಾದ್ದು ದಪ್ಪ ಬಿಳಿ ದಾರ, ಉದ್ದನೆಯ ಸೂಜಿ, ಕೆಲವು ಮಧ್ಯಾಹ್ನಗಳು. ನಮ್ಮ ಸಂಘದ ಹಿರಿಯ ಮಹಿಳೆಯರಲ್ಲಿ ಕೌದಿ ಬಲ್ಲವರಿದ್ದಾರೆ. ನೀವು ಬಟ್ಟೆಯ ಚೀಲ ಹಿಡಿದು ಬಂದರೆ ಪಕ್ಕದಲ್ಲಿ ಕೂರಿಸಿಕೊಂಡು ಸಂತೋಷದಿಂದ ಹೇಳಿಕೊಡುತ್ತಾರೆ. ಈ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಆ ಗಂಟನ್ನು ಕೆಳಗಿಳಿಸಿ, ಅಜ್ಜಿಯ ಪಕ್ಕ ಕುಳಿತುಕೊಳ್ಳಿ.